ಮೈ ಸೋಕದ ಕಲ್ಲು

ಹೆಸರು, ನಿನ್ನೆಯ ದೂರಿನಲ್ಲಿ ಬರೆಸಿದಂತೆಯೇ. ಪೇಟೆಯಲ್ಲಿ ನೀಲಿ ಕಲ್ಲಿನ ಯಜಮಾನ ಎಂದರೆ ಎಲ್ಲರಿಗೂ ಗೊತ್ತು. ವಯಸ್ಸು ಐವತ್ತೇಳು. ಕಸುಬು, ಅಸಲಿ ಫಿರೋಜಾ ಕಲ್ಲುಗಳ ವ್ಯಾಪಾರ. ಅಂಗಡಿ ಗಡಿಯಾರ ರಿಪೇರಿಯವರ ಮಗ್ಗುಲಿನ ಓಣಿಯಲ್ಲಿ, ಎಡಗಡೆ ಮೂರನೆಯ ಬಾಗಿಲು. ವಾಸ ಅಲ್ಲಿಂದ ಇನ್ನೂರು ಮೀಟರ್ ದೂರದ ಕಟ್ಟಡದ ಎರಡನೇ ಮಹಡಿ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮನೆಯ ಬೀರುವಿನಲ್ಲಿದ್ದ ಫಿರೋಜಾ ಹಾರವನ್ನು ಕದ್ದು, ಅದರ ಜಾಗದಲ್ಲಿ ನಕಲಿ ಹಾರ ಇಟ್ಟಿದ್ದಾರೆ ಎಂದು ನಿನ್ನೆ ಮಧ್ಯಾಹ್ನ ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದೆ. ನನ್ನ ಹೆಂಡತಿಯ ತಮ್ಮನ ಮೇಲೆ ಬಲವಾದ ಅನುಮಾನವಿದೆ ಎಂದೂ ಬರೆಸಿದ್ದೆ. ಅದರ ಮೇಲೆ ಅವನನ್ನು ಕರೆತಂದು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಆ ದೂರಿನ ಮುಂದುವರಿಕೆಯಾಗಿ ಈ ಹೇಳಿಕೆ ಕೊಡುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೇ ಮೊದಲಿನಿಂದ ಹೇಳಿ ಎಂದು ಠಾಣಾಧಿಕಾರಿಗಳು ಹೇಳಿದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ನಾನು ಮಾರುವುದು ನೆಲದಿಂದ ಬಂದ ಬಣ್ಣದಲ್ಲೇ ಇರುವ ಕಲ್ಲು. ಪೇಟೆಯಲ್ಲಿ ಸಿಗುವ ಫಿರೋಜಾದಲ್ಲಿ ಮುಕ್ಕಾಲು ಪಾಲಿಗೆ ಬಣ್ಣ ಕುಡಿಸಿರುತ್ತಾರೆ, ಇಲ್ಲವೇ ಮೇಣ ತುಂಬಿಸಿರುತ್ತಾರೆ, ಇಲ್ಲವೇ ಪುಡಿಗೆ ಅಂಟು ಕಲಸಿ ಅಚ್ಚು ಹಾಕಿರುತ್ತಾರೆ. ನನ್ನ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಕಲ್ಲು ಸಂಗ್ರಹಿಸುವವರೂ ಒಡವೆ ಮಾಡುವವರೂ ನನ್ನ ಬಳಿ ಬರುವುದು ಅದಕ್ಕೇ. ಅಂಗಡಿಯ ಬೋರ್ಡಿನ ಮೇಲೆ 'ಮೈ ಸೋಕದ ಅಸಲಿ ಕಲ್ಲು' ಎಂದು ಬರೆಸಿದ್ದೇನೆ. ಅಸಲಿ ಫಿರೋಜಾಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಬೆವರು, ಸೋಪು, ಎಣ್ಣೆ ಏನು ತಾಗಿದರೂ ಹೀರಿಕೊಂಡು ನೀಲಿ ಹೋಗಿ ಹಸಿರಾಗುತ್ತದೆ. ಈ ಮಾತನ್ನು ಬಂದ ಗಿರಾಕಿಗೆಲ್ಲ ನಾನೇ ಹೇಳುತ್ತೇನೆ. ಅಂಗಡಿಯಲ್ಲಿ ಕೈ ತೊಳೆದು ಒರೆಸಿಕೊಳ್ಳದೆ ಯಾರೂ ಕಲ್ಲು ಮುಟ್ಟುವಂತಿಲ್ಲ. ಮನೆಯವರು ಹಾಕಿಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಹಾಗೆ ಹಾಕಿಕೊಂಡು ಮಾರಿದರೆ ಬೋರ್ಡು ಸುಳ್ಳಾಗುತ್ತದೆ.

ನನಗೆ ಅನುಮಾನ ಜಾಸ್ತಿ ಎಂದು ಪೇಟೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಕಲಿಯ ನಡುವೆ ಅಸಲಿ ಮಾರುವವನು ಮೈಯೆಲ್ಲ ಕಣ್ಣಾಗಿರಬೇಕು. ನನ್ನ ಕಲ್ಲುಗಳ ಫೋಟೋ ತೆಗೆಯಲು ನಾನು ಯಾರಿಗೂ ಬಿಟ್ಟಿಲ್ಲ. ಫೋಟೋ ಕೈಗೆ ಸಿಕ್ಕರೆ ಎದುರು ಸಾಲಿನ ಅಂಗಡಿಯವನು ಅದೇ ಗೆರೆ, ಅದೇ ಮಚ್ಚೆ ಬರುವಂತೆ ನಕಲು ಮಾಡಿಸಿಯಾನು ಎಂಬ ಗುಮಾನಿ ನನಗೆ ಮೊದಲಿನಿಂದ ಇದೆ. ಆದ್ದರಿಂದ ಕಳುವಾಗಿದೆ ಎಂದ ಹಾರದ ಫೋಟೋ ಕೊಡಿ ಎಂದು ನಿನ್ನೆ ಠಾಣಾಧಿಕಾರಿಗಳು ಕೇಳಿದಾಗ ಕೊಡಲು ಆಗಲಿಲ್ಲ.

ಈ ಹಾರ ತಯಾರಾಗಿ ಎಂಟು ತಿಂಗಳಾಯಿತು. ಒಂದೇ ಗಣಿಯ, ಒಂದೇ ಬಣ್ಣದ ಒಂಬತ್ತು ಚಪ್ಪಟೆ ಕಲ್ಲುಗಳು. ನಡುವಿನದು ದೊಡ್ಡದು, ಎರಡೂ ತುದಿಗೆ ಹೋದಂತೆ ಸಣ್ಣವು. ನಡುವಿನ ಕಲ್ಲಿನಲ್ಲಿ ಕಂದು ಬಣ್ಣದ ಒಂದು ಗೆರೆ ಓರೆಯಾಗಿ ಹೋಗಿ ಕವಲೊಡೆಯುತ್ತದೆ. ಬೆಳ್ಳಿ ತಂತಿಯಲ್ಲಿ ಕಟ್ಟಿದವನು ನನ್ನ ಭಾವಮೈದುನನೇ. ಹದಿನಾಲ್ಕು ವರ್ಷದಿಂದ ನನ್ನ ಅಂಗಡಿಯಲ್ಲಿ ಕಲ್ಲು ತಿಕ್ಕುವ, ಕಟ್ಟುವ ಕೆಲಸ ಮಾಡುತ್ತಾನೆ. ಕಲ್ಲಿನ ಹಿಂಬದಿಗೆ ತಗಡು ಹಾಕದೆ ತೆರೆದು ಬಿಡುವುದು ಅವನ ರೂಢಿ. ಅಸಲಿ ಕಲ್ಲು ಬೆನ್ನು ತೋರಿಸಲು ನಾಚಿಕೊಳ್ಳಬಾರದು ಎಂದು ಅವನು ತಮಾಷೆಗೆ ಹೇಳುತ್ತಿರುತ್ತಾನೆ.

ಹಾರ ಬೇಕೆಂದವರು ಹಲ್ಲಿನ ಡಾಕ್ಟರಮ್ಮ. ಇಪ್ಪತ್ತು ವರ್ಷದಿಂದ ಫಿರೋಜಾ ಸಂಗ್ರಹಿಸುತ್ತಾರೆ. ದೂರದ ಪ್ರಯಾಣ ಹೊರಟಿದ್ದೇನೆ, ಬಂದ ಮೇಲೆ ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ತೋರಿಸಬೇಡಿ ಎಂದು ಹೇಳಿ ಹೋದರು. ಹೋಗುವ ಮುಂಚೆ ಹಾರ ಎದೆಯ ಮೇಲೆ ಎಲ್ಲಿಗೆ ಬರುತ್ತದೆ ಎಂದು ತಿಳಿಸಲು ಕೇಳಿದ್ದರು. ಅವರ ಮೈಕಟ್ಟೂ ನನ್ನ ಹೆಂಡತಿಯ ಮೈಕಟ್ಟೂ ಒಂದೇ. ಹಾಗಾಗಿ ಹಾರವನ್ನು ಮನೆಗೆ ತಂದು, ಹೆಂಡತಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಬಟ್ಟೆಯ ಮೇಲೆ ತೆಳುವಾದ ಕಾಗದ ಹಾಸಿ, ಅದರ ಮೇಲೆ ಹಾರ ಹಿಡಿದು ಅಳತೆ ನೋಡಿದೆ. ಅಲುಗಾಡಬೇಡ ಎಂದೆ. ಅವಳು ಅಲುಗಾಡಲಿಲ್ಲ. ಅಳತೆ ಸಿಕ್ಕ ಮೇಲೆ ತೆಗೆದು, ಒರೆಸಿ, ಡಬ್ಬಿಗೆ ಹಾಕಿದೆ. ಎದುರಿಗೆ ಕನ್ನಡಿ ಇತ್ತು. ಹೇಗೆ ಕಾಣುತ್ತದೆ ಎಂದು ನಾನು ಅವಳನ್ನು ಕೇಳಲಿಲ್ಲ. ಇದನ್ನೂ ಬರೆದುಕೊಳ್ಳಬೇಕು ಎಂದು ಕೋರುತ್ತೇನೆ, ಮುಂದೆ ಬೇಕಾಗುತ್ತದೆ.

ಹಾರವನ್ನು ಅಂಗಡಿಯಲ್ಲಿ ಇಡದೆ ಮನೆಯಲ್ಲಿಟ್ಟೆ. ಅಂಗಡಿಯಲ್ಲಿ ಭಾವಮೈದುನ ಇದ್ದಾನೆ, ಮನೆಯಲ್ಲಿ ನಾನು ಮತ್ತು ಹೆಂಡತಿ ಇಬ್ಬರೇ. ಬೀರುವಿನ ಒಂದು ಕೀಲಿ ಸದಾ ನನ್ನ ಸೊಂಟದಲ್ಲಿರುತ್ತದೆ. ಇನ್ನೊಂದನ್ನು ನನ್ನ ಹಳೆಯ ಬೂಟಿನೊಳಗೆ, ಬೆರಳು ಬರುವ ಕಡೆ ತುರುಕಿದ್ದೆ. ಅಷ್ಟು ಸಾಲದೆಂದು, ಡಬ್ಬಿಯ ಮುಚ್ಚಳಕ್ಕೂ ತಳಕ್ಕೂ ಸೇರಿಸಿ ನನ್ನ ತಲೆಯ ಒಂದು ಬಿಳಿ ಕೂದಲನ್ನು ಅಂಟಿಸಿದ್ದೆ. ಯಾರಾದರೂ ತೆರೆದರೆ ಕೂದಲು ಕಿತ್ತು ಬರುತ್ತದೆ. ವಾರಕ್ಕೊಮ್ಮೆ ನೋಡುತ್ತಿದ್ದೆ. ಕೂದಲು ಇದ್ದ ಹಾಗೇ ಇರುತ್ತಿತ್ತು. ಡಬ್ಬಿ ತೆರೆದರೆ ಕೂದಲು ಹಾಳಾಗುತ್ತದೆಂದು ನಾನೂ ಒಳಗೆ ನೋಡುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರಮ್ಮ ಅಂಗಡಿಗೆ ಬಂದರು. ಮನೆಯಿಂದ ತಂದಿದ್ದ ಡಬ್ಬಿಯನ್ನು ಅವರ ಎದುರಿಗೇ ತೆರೆದೆ. ಕೂದಲು ಸರಿಯಾಗಿಯೇ ಇತ್ತು. ಅವರು ಕೈ ಒರೆಸಿಕೊಂಡು ಹಾರ ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಕೆಳಗಿಟ್ಟು, ಮುಚ್ಚಳ ತಾವೇ ಮುಚ್ಚಿ, ಇದು ತಾವು ನೋಡಿ ಹೋದ ಬಣ್ಣವಲ್ಲ ಎಂದರು. ಬೇಸರ ಮಾಡಿಕೊಳ್ಳಬೇಡಿ, ಯೋಚಿಸಿ ಹೇಳುತ್ತೇನೆ ಎಂದೂ ಹೇಳಿ, ತರಿಸಿದ್ದ ಟೀ ಮುಟ್ಟದೆ ಹೊರಟರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಪ್ಪತ್ತು ವರ್ಷದ ಗಿರಾಕಿ ನನಗೆ ಬೇಸರವಾದೀತೆಂದು ಮೆಲ್ಲಗೆ ಮಾತಾಡಿದ್ದು ನನ್ನ ಮುಖಕ್ಕೆ ಹೊಡೆದ ಹಾಗಾಯಿತು.

ಬಾಗಿಲಿಗೆ ಚಿಲಕ ಹಾಕಿ ಹಾರ ಕೈಗೆತ್ತಿಕೊಂಡೆ. ಅವರು ಹೇಳಿದ್ದು ನಿಜ. ನಡುವಿನ ದೊಡ್ಡ ಕಲ್ಲಿನ ನೀಲಿಯೊಳಗೆ ಹಸಿರು ಇಣುಕುತ್ತಿತ್ತು. ಅದನ್ನು ನಾಲಿಗೆಗೆ ಮುಟ್ಟಿಸಿದೆ. ಇದು ನಮ್ಮ ಕಸುಬಿನ ಪರೀಕ್ಷೆ. ನನ್ನ ಬಳಿ ಇರುವ ಈ ಜಾತಿಯ ಅಸಲಿ ಕಲ್ಲು ನೀರಿನಂಶ ಎಳೆದುಕೊಳ್ಳುವುದರಿಂದ ನಾಲಿಗೆಗೆ ಅಂಟಿಕೊಳ್ಳುತ್ತದೆ. ಮೇಣ ತುಂಬಿದ ಕಲ್ಲು ಜಾರುತ್ತದೆ. ಈ ಕಲ್ಲು ಜಾರಿತು. ಸೂಜಿ ಕಾಯಿಸಿ ಕಲ್ಲಿನ ಮೂಲೆಗೆ ಹಿಡಿದೆ. ಸೂಜಿಯ ತುದಿಯ ಸುತ್ತ ಸಣ್ಣಗೆ ಜಿಡ್ಡು ಒಸರಿತು. ಎರಡು ಪರೀಕ್ಷೆಯೂ ಒಂದೇ ಮಾತು ಹೇಳಿದ ಮೇಲೆ ಮೂರನೆಯದು ನನಗೆ ಬೇಕಾಗಲಿಲ್ಲ. ಉಳಿದ ಎಂಟು ಕಲ್ಲುಗಳನ್ನು ಪರೀಕ್ಷಿಸಲಿಲ್ಲ, ಹಾರವನ್ನು ತಿರುವಿ ಹಾಕಿಯೂ ನೋಡಲಿಲ್ಲ. ಓರೆಯಾಗಿ ಹೋಗಿ ಕವಲೊಡೆಯುವ ಗೆರೆ ಮಾತ್ರ ಇದ್ದ ಹಾಗೇ ಇತ್ತು. ಗೆರೆಯನ್ನೂ ಬಿಡದೆ ನಕಲು ಮಾಡಿದ್ದಾನಲ್ಲ ಕಳ್ಳ, ಕೈಚಳಕ ಅಂದರೆ ಇದು ಎಂದು ಮೆಚ್ಚಿಕೊಂಡೆ ಕೂಡ.

ಅಂಥ ಕೈಚಳಕ ನನಗೆ ಗೊತ್ತಿದ್ದಂತೆ ಒಬ್ಬನಿಗೇ ಇರುವುದು. ಅವನು ಆಗ ಹಿಂದಿನ ಕೋಣೆಯಲ್ಲಿ ತಿಕ್ಕುವ ಚಕ್ರದ ಮುಂದೆ ಕೂತಿದ್ದ. ಹಿಂದಿನ ತಿಂಗಳು ಅವನು ಮೇಣದ ಗಟ್ಟಿ ತರಿಸಿದ್ದು ನೆನಪಾಯಿತು. ಡ್ರಾಯರು ಸಲೀಸಾಗಿ ಎಳೆಯಲು ಬರಲಿ ಎಂದು ತರಿಸಿದ್ದಾಗಿ ಆಗ ಹೇಳಿದ್ದ. ಆ ಹಾರ ಮಾರಿಹೋಯಿತಾ ಎಂದು ಎರಡು ಸಲ ಕೇಳಿದ್ದೂ ನೆನಪಾಯಿತು. ಹೊಸ ಕನ್ನಡಕ ಹಾಕಿಸಿಕೊಂಡಿದ್ದಾನೆ. ಅಳುಕಿಲ್ಲದವನ ಹಾಗೆ ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದ. ಎಲ್ಲವೂ ಒಂದಕ್ಕೊಂದು ತಾಳೆಯಾಯಿತು. ತಲೆಗೆ ಹುಳ ಹೊಕ್ಕರೆ ಎಲ್ಲವೂ ತಾಳೆಯಾಗುತ್ತದೆ ಎಂದು ಈಗ ಅನ್ನಿಸುತ್ತಿದೆ.

ಹಾರವನ್ನು ಅವನ ಮುಂದೆ ಹಿಡಿದು, ಅಸಲಿ ಎಲ್ಲಿ ಎಂದು ಕೇಳಿದೆ. ಅವನು ಹಾರವನ್ನು ಕಣ್ಣಿನ ಹತ್ತಿರ ಒಯ್ದು ನೋಡಿ, "ಭಾವ, ಇದೇ ಅಸಲಿ. ನಾನು ಕಟ್ಟಿದ ಗಂಟು ನನಗೆ ಗೊತ್ತಾಗಲ್ವಾ?" ಎಂದ. ನೀನೇ ಕಟ್ಟಿದ್ದು ಎಂದು ನಾನೂ ಹೇಳುತ್ತಿರುವುದು, ಎರಡು ಸಲ ಕಟ್ಟಿದ್ದೀಯ ಎಂದೆ. ಅವನು ಮೊದಲು ನಕ್ಕ, ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಭಾವ, ಹದಿನಾಲ್ಕು ವರ್ಷ ಆಯ್ತು" ಎಂದ. ಮತ್ತೆ ಬಾಯಿ ಬಿಡಲಿಲ್ಲ. ತಪ್ಪಿತಸ್ಥ ಅದಕ್ಕೇ ಬಾಯಿ ಬಿಡಲಿಲ್ಲ ಎಂದು ನಾನು ಈ ಠಾಣೆಯಲ್ಲಿ ಬರೆಸಿದೆ.

ಇನ್ನು ಯಾರ ಮೇಲಾದರೂ ಅನುಮಾನವಿದೆಯೇ ಎಂದು ಠಾಣಾಧಿಕಾರಿಗಳು ಕೇಳಿದರು. ಭಾವಮೈದುನನೂ ಸೇರಿ ಏಳು ಜನರನ್ನು ಹೇಳಿದೆ: ಎದುರು ಸಾಲಿನ ಅಂಗಡಿಯವನು, ಗಡಿಯಾರ ರಿಪೇರಿಯವನು, ಅಂಗಡಿ ಗುಡಿಸುವವಳು, ಪಾರ್ಸಲ್ ತರುವವನು, ಮನೆಯ ಮಾಲೀಕ, ಮತ್ತು ನೋಡುವ ನೆಪದಲ್ಲಿ ಹಾರ ಬದಲಿಸಿರಬಹುದೆಂದು ಡಾಕ್ಟರಮ್ಮ. ದೂರು ಬರೆದುಕೊಳ್ಳುತ್ತಿದ್ದ ರೈಟರ್ ಹಾರವನ್ನು ಎರಡು ಸಲ ಮುಟ್ಟಿ ನೋಡಿದ್ದರಿಂದ ಅವರ ಮೇಲೂ ಸ್ವಲ್ಪ ಅನುಮಾನ ಬಂದಿತ್ತು, ಅದನ್ನು ಹೇಳಲಿಲ್ಲ. ಮನೆಯಲ್ಲಿ ಹೆಂಡತಿ ಇದ್ದಾರಲ್ಲ, ಅವರ ಮೇಲೆ ಇಲ್ಲವೇ ಎಂದು ಠಾಣಾಧಿಕಾರಿಗಳು ಕೇಳಿದರು. ನಾನು ನಕ್ಕುಬಿಟ್ಟೆ. ಅವಳಿಗೂ ಇದಕ್ಕೂ ಏನು ಸಂಬಂಧ ಸ್ವಾಮಿ ಎಂದೆ. ಅವರು ಬರೆದುಕೊಳ್ಳಲಿಲ್ಲ.

ಸಂಜೆ ಆರು ಗಂಟೆಗೆ ಮನೆಗೆ ಹೋದೆ. ತಮ್ಮನನ್ನು ಠಾಣೆಗೆ ಕರೆದೊಯ್ದ ಸುದ್ದಿ ಅಷ್ಟು ಹೊತ್ತಿಗೆ ಹೆಂಡತಿಗೆ ಮುಟ್ಟಿತ್ತು. ಬಾಗಿಲಲ್ಲೇ ನಿಂತಿದ್ದಳು. ಇಲ್ಲಿಂದ ಮುಂದೆ ಅವಳ ಮಾತುಗಳನ್ನು ಅವಳು ಆಡಿದ ಹಾಗೇ ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ.

"ರೀ, ಅವನಲ್ಲ. ಅವನನ್ನ ಬಿಡಿಸ್ಕೊಂಡು ಬನ್ನಿ" ಎಂದಳು. ಒಡಹುಟ್ಟಿದವಳು ಇನ್ನೇನು ಹೇಳುತ್ತೀಯ ಎಂದೆ. "ಹಾರ ಬದಲಾಗಿಲ್ಲ. ನಾನು ಹಾಕ್ಕೊಳ್ತಿದ್ದೆ" ಎಂದಳು. ಎಷ್ಟು ಸಲ ಎಂದು ಕೇಳಿದೆ. "ದಿನಾ. ನೀವು ಅಂಗಡಿಗೆ ಹೋದಮೇಲೆ. ನೀವು ಬರೋ ಹೊತ್ತಿಗೆ ತೆಗೆದಿಡ್ತಿದ್ದೆ" ಎಂದಳು. ಕೀಲಿ ಎಲ್ಲಿತ್ತು ಹೇಳು ನೋಡೋಣ ಎಂದೆ. ನೆಟ್ಟಗೆ ಹೋಗಿ ಬೂಟಿಗೆ ಕೈ ಹಾಕಿ ಕೀಲಿ ತಂದು ನನ್ನ ಕೈಗೆ ಕೊಟ್ಟಳು. "ಈ ಮನೆ ಗುಡಿಸೋಳು ನಾನು. ಯಾವ ಬೂಟು ಹಾಕ್ಕೊಳ್ತೀರಿ, ಯಾವುದು ಸುಮ್ನೆ ಇಟ್ಟಿದೀರಿ ನನಗೆ ಗೊತ್ತಾಗಲ್ವಾ?" ಎಂದಳು. ಕೂದಲು ಹೇಗೆ ಹಾಗೇ ಇತ್ತು ಎಂದು ಕೇಳಿದೆ. "ನಿಮ್ಮ ಬಾಚಣಿಗೆಯಿಂದ ದಿನಾ ಒಂದು ತಗೊಳ್ತಿದ್ದೆ. ಅದಕ್ಕೇನು ಬರ" ಎಂದಳು.

ಆದರೂ ನಾನು ನಂಬಲಿಲ್ಲ. ಕೀಲಿ, ಕೂದಲು ಎಲ್ಲವೂ ಸರಿಹೊಂದಿದ್ದರಿಂದಲೇ ನಂಬಲಿಲ್ಲ. ಅಕ್ಕ ತಮ್ಮ ಸೇರಿ ಮೊದಲೇ ಮಾತಾಡಿಕೊಂಡಿದ್ದಾರೆ, ಸಿಕ್ಕಿಬಿದ್ದರೆ ಹೀಗೆ ಹೇಳೋಣ ಎಂದು ಪಾಠ ಮಾಡಿಕೊಂಡಿದ್ದಾರೆ ಎಂದುಕೊಂಡೆ. ನಾಟಕ ಸಾಕು, ನಿನಗೆ ಯಾಕೆ ಬೇಕು ಆ ಹಾರ ಎಂದು ಕೇಳಿದೆ. ನನ್ನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿ, ಒಳಗೆ ಹೋದಳು.

ಇಂದು ಬೆಳಿಗ್ಗೆ ಒಂಬತ್ತೂವರೆಗೆ ನಾನು ಠಾಣೆಗೆ ಬಂದಾಗ ಅವಳು ನನಗಿಂತ ಮುಂಚೆಯೇ ಬಂದು, ನನಗೆ ಹೇಳಿದ್ದನ್ನೆಲ್ಲ ಠಾಣಾಧಿಕಾರಿಗಳಿಗೆ ಹೇಳಿ ಮುಗಿಸಿದ್ದಳು. ಕದ್ದವಳು ನಾನು ಅಂತ ಬರ್ಕೊಳ್ಳಿ, ಅವನನ್ನ ಬಿಡಿ ಎಂದು ಪಟ್ಟು ಹಿಡಿದಿದ್ದಳು. ಠಾಣಾಧಿಕಾರಿಗಳು ಜಪ್ತಿ ಮಾಡಿದ್ದ ಹಾರವನ್ನು ಮೇಜಿನ ಮೇಲಿಟ್ಟು, ನೀವು ಕಲ್ಲು ಬಲ್ಲವರು, ನಿಮ್ಮ ಹೆಂಡತಿ ಹೇಳುವುದು ಸುಳ್ಳು ಎಂದು ಕಲ್ಲಿನಿಂದಲೇ ತೋರಿಸಿ ಎಂದರು. ತೋರಿಸೋಣ ಎಂದೇ ಕೈಗೆತ್ತಿಕೊಂಡೆ.

ಆಗ ಹಾರವನ್ನು ಮೊದಲ ಸಲ ತಿರುವಿ ಹಾಕಿದೆ. ಕಲ್ಲುಗಳ ಮುಂಬದಿಯಲ್ಲಿ ಇಣುಕುತ್ತಿದ್ದ ಹಸಿರು ಹಿಂಬದಿಯಲ್ಲಿ ದಟ್ಟವಾಗಿತ್ತು. ನಕಲು ಮಾಡುವವನು ಕಾಣುವ ಕಡೆ ಬಣ್ಣ ಕೊಡುತ್ತಾನೆಯೇ ಹೊರತು ಕಾಣದ ಕಡೆ ಹೆಚ್ಚು ಕೊಡುವುದಿಲ್ಲ. ನಡುವಿನ ಐದು ಕಲ್ಲು ಹೆಚ್ಚು ಹಸಿರು, ಆಚೀಚೆಯ ಒಂದೊಂದು ಕಡಿಮೆ. ಎರಡೂ ತುದಿಯ ಸಣ್ಣ ಕಲ್ಲುಗಳು ಮಾತ್ರ ಎಂಟು ತಿಂಗಳ ಹಿಂದಿನ ಅದೇ ತಿಳಿ ನೀಲಿ. ತುದಿಯ ಒಂದನ್ನು ಎಲ್ಲರ ಎದುರಿಗೇ ನಾಲಿಗೆಗೆ ಮುಟ್ಟಿಸಿದೆ. ಅಂಟಿಕೊಂಡಿತು.

ಹೇಗೆ ಹಾಕಿಕೊಳ್ಳುತ್ತಿದ್ದೆ ಎಂದು ಹೆಂಡತಿಯನ್ನು ಕೇಳಿದೆ. ಅವಳು ಕೈಯಿಂದ ತೋರಿಸಿದಳು. ಪಕ್ಕದ ಮನೆಯವರು ಬಂದರೆ ಕಾಣಬಾರದೆಂದು ಹಾರವನ್ನು ಬಟ್ಟೆಯ ಒಳಗೆ ಇಳಿಬಿಡುತ್ತಿದ್ದಳು. ತುದಿಯ ಎರಡು ಕಲ್ಲು ಮಾತ್ರ ಕತ್ತಿನ ಹಿಂದೆ ಬಟ್ಟೆಯ ಪಟ್ಟಿಯ ಮೇಲೆ ಬರುತ್ತಿದ್ದವು. ಉಳಿದವು ಅವಳ ಮೈಗೆ ತಾಗಿಕೊಂಡು ಒಲೆಯ ಮುಂದೆ ನಿಂತಿವೆ, ಬಟ್ಟೆ ಒಗೆದಿವೆ, ಮಹಡಿ ಹತ್ತಿ ನೀರು ತಂದಿವೆ. ನಿನ್ನೆ ನಾಲಿಗೆಗೆ ಜಾರಿದ್ದು, ಸೂಜಿಗೆ ಒಸರಿದ್ದು ಮೇಣವಲ್ಲ, ಅವಳ ಮೈಯ ಬೆವರು, ಎಣ್ಣೆ ಜಿಡ್ಡು. ಕಲ್ಲು ಅಸಲಿ. ನನ್ನ ಪರೀಕ್ಷೆಯೂ ಸರಿ. ಬೆವರಿಗೆ ಬಣ್ಣ ಹೋಗುತ್ತದೆ ಎಂದು ಊರಿಗೆಲ್ಲ ಹೇಳುವ ನನಗೆ, ನನ್ನ ಮನೆಯಲ್ಲೇ ಆ ಹಾರ ಒಬ್ಬಳ ಮೈಮೇಲೆ ಇದ್ದಿರಬಹುದು ಎಂದು ಮಾತ್ರ ಹೊಳೆಯಲಿಲ್ಲ.

ನನ್ನನ್ನೇ ಕೇಳಬಹುದಿತ್ತಲ್ಲ ಎಂದೆ. "ಕೇಳಿದ್ರೆ ಬೋರ್ಡು ಓದಿ ಹೇಳ್ತಿದ್ರಿ" ಎಂದಳು. ರೈಟರ್ ನಕ್ಕರು. ಅವಳು ನಗಲಿಲ್ಲ. "ಅವತ್ತು ಕಿಟಕಿ ಹತ್ರ ನಿಲ್ಲಿಸಿದ್ರಲ್ಲ, ಕನ್ನಡಿಯಲ್ಲಿ ನೋಡ್ಕೊಂಡೆ. ಚೆನ್ನಾಗಿತ್ತು. ಅಷ್ಟೇ ರೀ, ಇನ್ನೇನಿಲ್ಲ" ಎಂದಳು. ಅದನ್ನೂ ಅವಳ ಮಾತಿನಲ್ಲೇ ಬರೆದುಕೊಳ್ಳಲಾಗಿದೆ.

ಆಮೇಲೆ ಠಾಣಾಧಿಕಾರಿಗಳು ನಿನ್ನೆಯ ದೂರನ್ನು ಅವಳಿಗೆ ಓದಿ ಹೇಳಿದರು. ಏಳು ಜನರ ವಿಷಯ ಬಂದಾಗ ಕಿವಿಗೊಟ್ಟು ಕೇಳಿ, "ನಾನು ಇದರಲ್ಲಿ ಇಲ್ವಾ?" ಎಂದು ಕೇಳಿದಳು. ಇಲ್ಲ ಎಂದರು. ನಿನ್ನ ಮೇಲೆ ನನಗೆ ಅಷ್ಟು ನಂಬಿಕೆ ಎಂದು ನಾನು ಹೇಳಿದೆ. ಅವಳು ನನ್ನ ಕಡೆ ತಿರುಗಿದಳು. "ನಂಬಿಕೆ ಅಲ್ಲ ರೀ ಅದು. ಪಾರ್ಸಲ್ ತರೋನಿಗೂ ಆಸೆ ಇರಬಹುದು ಅಂತ ನಿಮಗೆ ಅನ್ನಿಸ್ತು. ಗಡಿಯಾರದೋನಿಗೂ ಇರಬಹುದು ಅನ್ನಿಸ್ತು. ನನಗೆ ಒಂದು ಆಸೆ ಇರಬಹುದು ಅಂತ ನಿಮಗೆ ಅನುಮಾನ ಕೂಡ ಬರಲಿಲ್ಲ" ಎಂದಳು.

ಆದ್ದರಿಂದ ನನ್ನ ಮನೆಯಲ್ಲಿ ಯಾವ ಕಳ್ಳತನವೂ ಆಗಿಲ್ಲವೆಂದೂ, ನನ್ನ ದೂರನ್ನು ವಾಪಸ್ ಪಡೆಯುತ್ತೇನೆಂದೂ, ಭಾವಮೈದುನನ ಮೇಲೆ ನಾನು ಹೊರಿಸಿದ್ದೆಲ್ಲ ತಪ್ಪೆಂದೂ ತಿಳಿಸುತ್ತೇನೆ. ಹನ್ನೊಂದೂವರೆಗೆ ಅವನನ್ನು ಹೊರಗೆ ಕಳುಹಿಸಿದರು. ನಾನು ಎದ್ದು ನಿಂತು, ತಪ್ಪಾಯಿತು, ಕ್ಷಮಿಸು ಎಂದೆ. ಅವನು ನನ್ನ ಮುಖ ನೋಡದೆ ಚಪ್ಪಲಿ ಹಾಕಿಕೊಳ್ಳುತ್ತಾ, "ಚಕ್ರದ ಬೆಲ್ಟು ಸಡಿಲ ಆಗಿದೆ ಭಾವ. ಬೇರೆ ಯಾರಿಗಾದರೂ ಹೇಳಿ ಬಿಗಿ ಮಾಡಿಸಿ" ಎಂದ. ಅಕ್ಕನ ಬಳಿ ಹೋಗಿ ಏನಾದರೂ ತಿಂದಳಾ ಎಂದು ವಿಚಾರಿಸಿದ. ನಾನು ಅದನ್ನು ನಿನ್ನೆಯಿಂದ ವಿಚಾರಿಸಿರಲಿಲ್ಲ.

ಹಾರವನ್ನು ಯಾರಿಗೆ ಒಪ್ಪಿಸಬೇಕು ಎಂದು ಠಾಣಾಧಿಕಾರಿಗಳು ಕೇಳಿದರು. ಹಾರ ನನ್ನ ಹೆಂಡತಿಯದು, ಅವಳ ಸಹಿ ಪಡೆದು ಅವಳಿಗೇ ಕೊಡಿ ಎಂದೆ. ಅವಳು ಸಹಿ ಹಾಕಿದಳು. ಹಾರವನ್ನು ಹಾಕಿಕೊಳ್ಳಲಿಲ್ಲ, ಚೀಲಕ್ಕೂ ಹಾಕಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ತಮ್ಮನ ಜೊತೆ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ನಾನು ಇದನ್ನು ಬರೆಸುವಾಗ ಕಿಟಕಿಯಿಂದ ಇಬ್ಬರ ಬೆನ್ನು ಕಾಣುತ್ತಿದೆ. ನನಗಾಗಿ ಕಾಯುತ್ತಿದ್ದಾರೋ, ಆಟೋಗಾಗಿ ಕಾಯುತ್ತಿದ್ದಾರೋ ಗೊತ್ತಿಲ್ಲ.

ಕೊನೆಯದಾಗಿ, ನಿನ್ನೆಯ ದೂರಿನಲ್ಲಿ ಅನುಮಾನ ಇರುವವರ ಸಾಲಿನಲ್ಲಿ ಎಂಟನೆಯವಳಾಗಿ ನನ್ನ ಹೆಂಡತಿಯ ಹೆಸರನ್ನು ಸೇರಿಸಬೇಕು ಎಂದು ಕೋರಿದೆ. ದೂರೇ ಇಲ್ಲದ ಮೇಲೆ ಹೆಸರು ಸೇರಿಸಿ ಏನು ಮಾಡುತ್ತೀರಿ ಎಂದು ಠಾಣಾಧಿಕಾರಿಗಳು ಕೇಳಿದರು. ನಿಯಮದಲ್ಲಿ ಅವಕಾಶವಿಲ್ಲ ಎಂದು ರೈಟರ್ ಹೇಳಿದರು. ಮತ್ತೊಮ್ಮೆ ಕೋರಿದೆ. ಆಗುವುದಿಲ್ಲ ಎಂದರು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ, ಕೇಳಿದ್ದೇನೆ. ಆ ಒಂದು ಹೆಸರು ಬಿಟ್ಟುಹೋಗಿರುವುದನ್ನು ಹೊರತುಪಡಿಸಿ, ನಿನ್ನೆ ಮತ್ತು ಇಂದು ನಾನು ಬರೆಸಿದ್ದರಲ್ಲಿ ಇಂದಿನದೆಲ್ಲ ನಿಜ.

ಸ್ಥಳ: ಠಾಣೆ, ಕಿಟಕಿಯ ಪಕ್ಕದ ಮೇಜು
ದಿನಾಂಕ: ದೂರು ಕೊಟ್ಟ ಮರುದಿನ, ಮಧ್ಯಾಹ್ನ ಹನ್ನೆರಡು ಗಂಟೆ
ಸಹಿ: (ನೀಲಿ ಕಲ್ಲಿನ ಅಂಗಡಿಯವನು)